ಅಂಗಡಿ ನಿಮ್ಮ ಮನೆಯವರಿಗೆ

ಅವನಿಗೆ 'ಮಾಲೀಕ' ಎಂದು ಹೆಸರಿಟ್ಟವನು ಅವನ ಭಾವಮೈದ. ಔಷಧಿ ಕಂಪನಿಯ ಬ್ಯಾಗು ಹೆಗಲಿಗೇರಿಸಿಕೊಂಡು ಡಾಕ್ಟರುಗಳ ಬಾಗಿಲು ಕಾಯುವ ಮೆಡಿಕಲ್ ರೆಪ್ ಕೆಲಸ ಮಾಲೀಕನದು. ಆದರೆ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಕೆಂಪು ಬೋರ್ಡಿನ ಆ ಬರ್ಗರ್ ಅಂಗಡಿಯಲ್ಲೇ. "ಒಂದಲ್ಲ ಒಂದು ದಿನ ಅದರದ್ದೊಂದು ಶಾಖೆ ನಾನು ತೆಗೀತೀನಿ, ನೋಡ್ತಿರಿ" ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲಿ ಭಾವಮೈದ "ಬನ್ನಿ ಮಾಲೀಕರೇ" ಎಂದು ಚೇಷ್ಟೆ ಮಾಡಿದ. ಹೆಸರು ಅಂಟಿಕೊಂಡಿತು. ಬೀದಿಯ ಇಸ್ತ್ರಿಯವನಿಂದ ಹಿಡಿದು ಹೆತ್ತ ತಾಯಿಯವರೆಗೆ ಎಲ್ಲರಿಗೂ ಅವನು ಮಾಲೀಕನಾದ. ಅದು ಗೇಲಿ ಎಂದು ಗೊತ್ತಿದ್ದರೂ ಕರೆದಾಗಲೆಲ್ಲ ಒಳಗೊಳಗೇ ಹಿಗ್ಗುತ್ತಿದ್ದ.

ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ ಆಯಿತು. ಕೇಳಿದವರಿಗೆ ಇಲ್ಲ ಎನ್ನಲು ಗೊತ್ತಿಲ್ಲ. ಯಾರಾದರೂ ಸ್ಕೂಟರ್ ಕೇಳಿದರೆ ಪೆಟ್ರೋಲ್ ಹಾಕಿಸಿ ಕೊಡುವ ಪೈಕಿ. ಅವನ ನಗು ನೋಡಿ ಮುಖ ಗಂಟಿಕ್ಕಿದ ಡಾಕ್ಟರುಗಳೂ ಒಳಗೆ ಕರೆಯುತ್ತಿದ್ದರು.

ಹೆಂಡತಿ ಇದಕ್ಕೆ ತದ್ವಿರುದ್ಧ. ದೊಡ್ಡ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಹಬೆ, ಯಂತ್ರಗಳ ಗದ್ದಲ, ಬಂಡಿಗಟ್ಟಲೆ ಹಾಸಿಗೆಬಟ್ಟೆ. ಯಾವುದು ಮತ್ತೆ ವಾರ್ಡಿಗೆ ಹೋಗಬೇಕು, ಯಾವುದನ್ನು ಹರಿದು ನೆಲ ಒರೆಸಲು ಕೊಡಬೇಕು ಎಂದು ತೀರ್ಮಾನಿಸುವವಳು ಅವಳು. "ಇದು ನಡೆಯಲ್ಲ" ಎನ್ನುವುದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮನೆಯಲ್ಲೂ ಅಷ್ಟೇ. "ನಮ್ಮ ಮನೇಲಿ ಹೈಕೋರ್ಟು ಅಡುಗೆಮನೇಲೇ ಇದೆ" ಎಂದು ಮಾಲೀಕ ನೆಂಟರನ್ನು ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಎಷ್ಟು ಮನಸ್ಸಿಟ್ಟು ನಗುತ್ತಿದ್ದಳು ಎಂದು ಯಾರೂ ತಿರುಗಿ ನೋಡಿರಲಿಲ್ಲ.

ಕೊನೆಗೂ ಕೆಂಪು ಬೋರ್ಡಿನ ಕಂಪನಿ ಅವನ ಅರ್ಜಿಗೆ ಓಗೊಟ್ಟಿತು. ಕಂಪನಿಯ ಹೆಸರು, ಕಂಪನಿಯ ರುಚಿ, ಕಂಪನಿಯ ಕಟ್ಟಳೆ. ಬಂಡವಾಳ ಮತ್ತು ಬೆವರು ನಮ್ಮದು. ಇದಕ್ಕೆ ಫ್ರಾಂಚೈಸಿ ಎನ್ನುತ್ತಾರೆ. ಇಬ್ಬರ ಉಳಿತಾಯವೂ ಸೇರಿದ್ದರಿಂದ ಗಂಡಹೆಂಡತಿ ಇಬ್ಬರೂ ಹಳೆಯ ಶಾಖೆಯೊಂದರಲ್ಲಿ ಕೆಲವು ದಿನ ಕೆಲಸ ಮಾಡಿ ತೋರಿಸಬೇಕು ಎಂದರು ಕಂಪನಿಯವರು.

"ನಾನ್ಯಾಕೆ? ರಜಾ ಸಿಗಲ್ಲ ನಂಗೆ," ಎಂದಳು ಹೆಂಡತಿ.

"ಸುಮ್ಮನೆ ಜೊತೆಗೆ ನಿಂತ್ಕೊಂಡ್ರೆ ಸಾಕು ಮಾರಾಯ್ತಿ. ಫೋಟೋಗೆ ನಿಂತ ಹಾಗೆ."

ಹಾಗೆ ಅವಳು ಹೋದಳು.

ಆ ದಿನಗಳು ಮಾಲೀಕನ ಬದುಕಿನ ವಸಂತ. ಕೆಂಪು ಟೋಪಿ ತಲೆಗೇರಿದ್ದೇ ತಡ, ಮೀನು ನೀರಿಗೆ ಬಿದ್ದಂತಾಯಿತು. ಕೌಂಟರಿನಲ್ಲಿ ನಿಂತು ಬಂದವರನ್ನೆಲ್ಲ ಮಾತಾಡಿಸಿದ. ಯಾರ ಮಗುವಿಗೆ ಜ್ವರ, ಯಾರ ತಂಗಿಗೆ ಗಂಡು ನೋಡುತ್ತಿದ್ದಾರೆ, ಎಲ್ಲವೂ ಅವನಿಗೆ ಗೊತ್ತಾಯಿತು. ಮಕ್ಕಳು ಕಂಡರೆ ಪೊಟ್ಟಣದಲ್ಲಿ ಒಂದು ಹಿಡಿ ಆಲೂಗಡ್ಡೆ ಫ್ರೈ ಹೆಚ್ಚಿಗೆ. ತಲೆನೋವು ಎಂದ ಹುಡುಗಿಯನ್ನು "ಹೋಗಮ್ಮ, ನಾನು ನೋಡ್ಕೋತೀನಿ" ಎಂದು ಮಧ್ಯಾಹ್ನವೇ ಮನೆಗೆ ಕಳಿಸಿದ. ಸಾಲು ಬಾಗಿಲು ದಾಟಿ ಹೊರಗೆ ಹೋಯಿತು. ಅವನಿಗೆ ಅದು ತನ್ನನ್ನು ನೋಡಲು ಸೇರಿದ ಜನ ಎನಿಸಿತು.

ಹೆಂಡತಿ ಹಿಂದುಗಡೆ ಎಣ್ಣೆಯ ಬಾಣಲೆಗಳ ಬಳಿ ಇದ್ದಳು. ಹುರಿದ ಆಲೂಗಡ್ಡೆ ಇಷ್ಟು ಹೊತ್ತಿನೊಳಗೆ ಹೋಗಬೇಕು, ಇಲ್ಲದಿದ್ದರೆ ಎಸೆಯಬೇಕು ಎಂದು ಕಟ್ಟಳೆ. ಆ ಗಡುವಿನ ಗಂಟೆ ಹೊಡೆದಾಗಲೆಲ್ಲ ಅವಳು ತಟ್ಟೆ ಎತ್ತಿ ಕಸದ ಡಬ್ಬಕ್ಕೆ ಸುರಿಯುತ್ತಿದ್ದಳು. ಒಂದು ಸಲ ಮಾಲೀಕ ಅಡ್ಡ ಬಂದ.

"ಏನೇ ಇದು, ತಿನ್ನೋ ಪದಾರ್ಥ. ಬಿಸಿಯಾಗೇ ಇದೆ, ನೋಡು ಬೇಕಾದ್ರೆ."

"ಗಂಟೆ ಹೊಡೀತು. ಕೈ ತೆಗೀರಿ."

"ಸಾಲು ನಿಂತಿದೆ ಹೊರಗೆ."

"ನಿಲ್ಲಲಿ. ಹೊಸದು ಆಗ್ತಾ ಇದೆ."

ಎಲ್ಲರೆದುರಿಗೇ ಸುರಿದಳು. ಸಂಜೆ ಬಸ್ಸಿನಲ್ಲಿ ಮಾಲೀಕ ಕಿಟಕಿಯ ಕಡೆ ಮುಖ ಮಾಡಿ ಕೂತ. ಕೊನೆಗೆ ತಡೆಯಲಾರದೆ, "ನಿನ್ನ ಈ ಕಟು ಸ್ವಭಾವದಿಂದ ನಂಗೆ ಅಂಗಡಿ ಕೈ ತಪ್ಪತ್ತೆ, ನೋಡ್ತಿರು," ಎಂದ. ಅವಳು ಎಣ್ಣೆ ಸಿಡಿದು ಬೊಬ್ಬೆ ಎದ್ದ ಮಣಿಕಟ್ಟನ್ನು ಊದಿಕೊಳ್ಳುತ್ತಿದ್ದಳು.

ತೀರ್ಮಾನ ಹೇಳಲು ಕಂಪನಿಯ ಆಫೀಸಿಗೆ ಕರೆದರು. ಗಾಜಿನ ಕೋಣೆ, ಪ್ಲಾಸ್ಟಿಕ್ಕಿನ ಗಿಡ, ಮೈ ನಡುಗಿಸುವಷ್ಟು ಏಸಿ. ಮೇಜಿನ ಆಚೆ ಕೂತಿದ್ದ ಮೇಡಂ ತರಬೇತಿಯ ದಿನಗಳಲ್ಲಿ ಆಗಾಗ ಬಂದು ಮೂಲೆಯಲ್ಲಿ ಕೂತು ಹೋಗುತ್ತಿದ್ದವರು. ಮಾಲೀಕ ಅವರಿಗೂ ಒಂದು ಹಿಡಿ ಹೆಚ್ಚಿಗೆ ಹಾಕಿ ಕೊಟ್ಟಿದ್ದ.

"ಶುಭಸುದ್ದಿ," ಎಂದರು ಮೇಡಂ. "ಶಾಖೆ ನಿಮಗೆ ಕೊಡೋದು ಅಂತ ತೀರ್ಮಾನ ಆಗಿದೆ."

ಮಾಲೀಕನ ಕಣ್ಣು ತುಂಬಿ ಬಂತು. ಎದ್ದು ನಿಂತು ಎರಡೂ ಕೈ ಮುಂದೆ ಚಾಚಿದ. ಮೇಡಂ ಕೂಡ ಎದ್ದು ಕೈ ಚಾಚಿದರು. ಆ ಕೈ ಅವನ ಪಕ್ಕದಿಂದ ಹಾದು ಹೆಂಡತಿಯ ಮುಂದೆ ನಿಂತಿತು.

"ಸರ್, ನಿಮಗೆ ಅಂದ್ರೆ… ನಿಮ್ಮ ಮನೆಯವರಿಗೆ," ಎಂದರು.

ಮಾಲೀಕ ನಕ್ಕ. ಮನೆಯವರಿಗೆ ಎಂದರೆ ಮನೆಮಂದಿಗೆಲ್ಲ ಎಂದುಕೊಂಡ. "ಹೌದು ಮೇಡಂ, ನಮ್ಮಿಬ್ಬರಿಗೂ ಅಂದ್ರೆ ಒಂದೇ."

"ಒಂದೇ ಅಲ್ಲ ಸರ್. ಅಂಗಡಿ ಇವರ ಹೆಸರಲ್ಲಿ, ನಡೆಸೋರು ಇವರು. ಒಂದು ಶಾಖೆಗೆ ಒಬ್ಬರೇ ಯಜಮಾನರು ಇರಬೇಕು ಅನ್ನೋದು ನಮ್ಮ ಪದ್ಧತಿ."

ಅವನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಲಾಸ್ಟಿಕ್ ಗಿಡದ ಎಲೆಯೊಂದನ್ನು ಮುಟ್ಟಿ ನೋಡಿದ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಮೇಡಂ ಮಾತಾಡುತ್ತಲೇ ಇದ್ದರು, ಬಾಯಿ ಆಡುವುದು ಕಾಣುತ್ತಿತ್ತು, ಮಾತು ತಡವಾಗಿ ಬಂದು ತಲುಪುತ್ತಿತ್ತು.

"ನೀವು ತುಂಬಾ ಒಳ್ಳೆಯವರು ಸರ್. ಗಿರಾಕಿಗಳಿಗೆ ನೀವಂದ್ರೆ ಪ್ರೀತಿ, ಕೆಲಸದವರಿಗಂತೂ ಪ್ರಾಣ. ಆದ್ರೆ ನೀವಿದ್ದಷ್ಟು ದಿನ ಸಾಲು ಮುಂದಕ್ಕೇ ಹೋಗ್ತಿರಲಿಲ್ಲ. ಅಂಗಡಿ ನಡೆಸೋರು ಬೆಳಗಿಂದ ಸಂಜೆವರೆಗೆ ಜನಕ್ಕೆ ಇಲ್ಲ ಅನ್ನಬೇಕಾಗತ್ತೆ. ನೀವು ಇಲ್ಲ ಅಂದಿದ್ದನ್ನ ನಾನು ಒಂದು ಸಲವೂ ಕೇಳಲಿಲ್ಲ. ನಮಗೆ ಇವರಂಥವರೇ ಬೇಕು."

ಸಿಡಿಲು ಬಡಿದ ಮರಕ್ಕೆ ತಾನು ಸತ್ತದ್ದು ತಕ್ಷಣ ತಿಳಿಯುವುದಿಲ್ಲವಂತೆ. ಎಲೆ ಹಸಿರಾಗೇ ಇರುತ್ತದಂತೆ. ಮಾಲೀಕನ ಮುಖದ ಮೇಲೂ ನಗು ಹಾಗೇ ಉಳಿದಿತ್ತು. ಒಂದೇ ಒಂದು ಭರವಸೆ ಇತ್ತು ಅವನಿಗೆ. ಹೆಂಡತಿಯ ಕಡೆ ತಿರುಗಿದ. ಈಗ ಅವಳು ಅಂದುಬಿಡುತ್ತಾಳೆ, "ಇದು ನಡೆಯಲ್ಲ" ಎಂದು. ಹುಟ್ಟಿದಾಗಿನಿಂದ ಅದನ್ನೇ ಅನ್ನುತ್ತಾ ಬಂದವಳು.

ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ಅವಳಿಗೂ ಆಘಾತವೇ. ನೀರಿನ ಲೋಟ ಎತ್ತಿ ಪೂರ್ತಿ ಕುಡಿದು ಕೆಳಗಿಟ್ಟಳು.

"ನಾಳೆ ಹೇಳಬಹುದಾ ಮೇಡಂ?" ಎಂದಳು.

ಮೊದಲ ಪೆಟ್ಟಿಗಿಂತ ಇದು ಜೋರಾಗಿ ಬಿತ್ತು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಅವರ ಬಸ್ಸು ಬಂದು ಹೋಯಿತು, ಇಬ್ಬರೂ ಏಳಲಿಲ್ಲ.

"ಅವರ ಮುಖದ ಮೇಲೆ ಹೇಳಕ್ಕೆ ಸಂಕೋಚ ಆಯ್ತಲ್ವಾ ನಿಂಗೆ? ನಾಳೆ ಫೋನಲ್ಲಿ ಬೇಡ ಅಂತೀಯ ತಾನೇ?"

"ಗೊತ್ತಿಲ್ಲ ರೀ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ."

ಮನೆಗೆ ಬಂದರೆ ಭಾವಮೈದ ಆಗಲೇ ಕೇಕು ತಂದು ಮೇಜಿನ ಮೇಲಿಟ್ಟು ಕಾಯುತ್ತಿದ್ದ. ಮೇಲೆ ಬಿಳಿ ಕ್ರೀಮಿನಲ್ಲಿ 'ಮಾಲೀಕರಿಗೆ' ಎಂದು ಬರೆಸಿದ್ದ. ಇಬ್ಬರ ಮುಖ ನೋಡಿ, "ಯಾಕೆ, ಕೊಡಲಿಲ್ವಾ?" ಎಂದ.

"ಕೊಟ್ರು," ಎಂದ ಮಾಲೀಕ. "ನಿನ್ನ ಅಕ್ಕನಿಗೆ."

ಭಾವಮೈದ ಮೊದಲು ನಕ್ಕ. ಯಾರೂ ನಗದೆ ಹೋದಾಗ ಬಾಯಿ ಮುಚ್ಚಿ ಕೇಕಿನ ಡಬ್ಬಿಯ ಮುಚ್ಚಳವನ್ನೂ ಮುಚ್ಚಿದ. ಒಳಗಿನ ಕೋಣೆಯಿಂದ ಮಾಲೀಕನ ಅಮ್ಮ ಗೋಡೆ ಹಿಡಿದುಕೊಂಡು ಬಂದರು. ವಿಷಯ ಕೇಳಿ, ಬೇಳೆ ಬೆಂದಿದೆ ಎಂದು ಹೇಳುವಷ್ಟೇ ಸಲೀಸಾಗಿ, "ಸರಿಯಾಗೇ ಮಾಡಿದ್ದಾರೆ ಬಿಡು" ಎಂದರು.

"ಅಮ್ಮಾ, ನೀನೂನಾ?"

"ನಿಮ್ಮಪ್ಪ ಇದನ್ನ ಯಾವತ್ತೋ ಹೇಳಿದ್ರಲ್ಲೋ. ಅದಕ್ಕೇ ಅಲ್ವಾ ಅಂಗಡಿ ಮಾರಿದ್ದು."

ಮಾಲೀಕನಿಗೆ ಅರ್ಥವಾಗಲಿಲ್ಲ. ಅಪ್ಪನದೊಂದು ಪುಸ್ತಕ-ಪೆನ್ಸಿಲಿನ ಅಂಗಡಿ ಇತ್ತು. ರಸ್ತೆ ಅಗಲ ಮಾಡುವಾಗ ಅದು ಹೋಯಿತು ಎಂದೇ ಅವನು ಇಷ್ಟು ವರ್ಷ ತಿಳಿದದ್ದು, ಇನ್ನೊಬ್ಬರಿಗೆ ಹೇಳಿದ್ದು. ಹೋದ ಅಂಗಡಿಯನ್ನು ಮತ್ತೆ ಪಡೆಯಬೇಕೆಂಬ ಹಟವೇ ಬರ್ಗರ್ ಅಂಗಡಿಯ ಕನಸಾಗಿ ಬೆಳೆದಿತ್ತು.

"ರಸ್ತೆಗೆ ಹೋಗಿದ್ದು ಮುಂದಿನ ಮೆಟ್ಟಿಲು ಮಾತ್ರ ಕಣೋ," ಎಂದರು ಅಮ್ಮ. "ನಿಮ್ಮಪ್ಪ ಜ್ವರ ಅಂತ ಮಲಗಿದ್ದಾಗ ನಿನ್ನನ್ನ ಅಂಗಡೀಲಿ ಕೂರಿಸಿದ್ವಲ್ಲ, ನೀನು ಬಂದ ಮಕ್ಕಳಿಗೆಲ್ಲ 'ಆಮೇಲೆ ಕೊಡು' ಅಂತ ಪೆನ್ಸಿಲ್ ಹಂಚಿಬಿಟ್ಟಿದ್ದೆ. 'ಇವನ ಮನಸ್ಸು ದೊಡ್ಡದು, ಅಂಗಡಿ ಚಿಕ್ಕದು, ಒಂದರಲ್ಲಿ ಒಂದು ಹಿಡಿಯಲ್ಲ' ಅಂತಂದ್ರು. ನಿಂಗೆ ಹೇಳಿದ್ರೆ ನೊಂದ್ಕೋತೀಯ ಅಂತ ರಸ್ತೆ ನೆಪ ಮಾಡಿದ್ವಿ. ಎಷ್ಟೋ ವರ್ಷ ಆಯ್ತು, ನಂಗೂ ಮರೆತುಹೋಗಿತ್ತು ನಿಂಗೆ ಹೇಳಿಲ್ಲ ಅನ್ನೋದು."

ಒಂದೇ ದಿನದಲ್ಲಿ ಮೂರನೆಯ ಪೆಟ್ಟು. ಮಾಲೀಕ ಕುರ್ಚಿ ಎಳೆದುಕೊಂಡು ಕೂತ. ಮುಂದೆ ಬರಲಿದ್ದ ಅಂಗಡಿಯೊಂದೇ ಹೋಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಹಿಂದಿನದೂ ಹೋಯಿತು. ಯಾವ ರಸ್ತೆಯೂ ಅದನ್ನು ಕಿತ್ತುಕೊಂಡಿರಲಿಲ್ಲ. ಅಪ್ಪ ತಲೆ ಸವರಿ "ನಮ್ಮ ಹಣೇಲಿ ಇರಲಿಲ್ಲ ಬಿಡು ಮಗಾ" ಎಂದದ್ದು ನೆನಪಾಯಿತು. ಆ ಕೈಯ ಬಿಸುಪೂ ನೆನಪಾಯಿತು. ಸುಳ್ಳು ಹೇಳುತ್ತಿದ್ದ ಕೈ ಅಷ್ಟು ಬೆಚ್ಚಗಿತ್ತಲ್ಲ ಎಂದು ಬೆಪ್ಪಾಗಿ ಕೂತ. ಹೆಂಡತಿ ಅವನ ಮುಂದೆ ಒಂದು ಲೋಟ ಚಹಾ ಇಟ್ಟಳು. ಅದು ಕೆನೆಗಟ್ಟಿ ಆರಿತು.

ಮರುದಿನ ಬೆಳಿಗ್ಗೆ ಅವನು ಶೂ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಬಂದು ಎದುರಿಗೆ ಬೆತ್ತದ ಸ್ಟೂಲಿನ ಮೇಲೆ ಕೂತಳು. ಅವಳು ಹಾಗೆ ಕೆಲಸ ಬಿಟ್ಟು ಕೂತದ್ದನ್ನು ಅವನು ನೋಡಿದ್ದೇ ಕಡಿಮೆ.

"ನಂಗೆ ಆಸೆ ಆಗಿದೆ ರೀ," ಎಂದಳು.

ಅವನು ಲೇಸು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದ.

"ಚಿಕ್ಕವಳಿದ್ದಾಗಿಂದ ನನ್ನ ನಾಲಿಗೆ ಕತ್ತಿ ಅಂತ ಕೇಳಿ ಕೇಳಿ ಸಾಕಾಗಿದೆ. ನಮ್ಮಪ್ಪ ಅಂದ್ರು, ನೀವಂದ್ರಿ, ಕೆಲಸದಲ್ಲೂ ಬೆನ್ನ ಹಿಂದೆ ಅಂತಾರೆ. ನಿನ್ನೆ ಆ ಮೇಡಂ, ಇಂಥವರೇ ಬೇಕು ಅಂದ್ರು. ಬೇಕು ಅಂತ ಯಾರೂ ಅಂದಿರಲಿಲ್ಲ ರೀ ನಂಗೆ. ರಾತ್ರಿ ಎಲ್ಲಾ ಅದೇ ತಲೇಲಿ ತಿರುಗ್ತಾ ಇತ್ತು."

"ಅದು ನನ್ನ ಕನಸು ಕಣೇ."

"ಗೊತ್ತು. ಅದಕ್ಕೇ ಕೇಳ್ತಿದ್ದೀನಿ. ನೀವು ಬೇಡ ಅನ್ನಿ, ಈಗ್ಲೇ ಫೋನ್ ಮಾಡಿ ಬೇಡ ಅಂತೀನಿ. ಆಮೇಲೆ ಯಾವತ್ತೂ ಎತ್ತಲ್ಲ ಈ ಮಾತು. ನನ್ನಾಣೆ."

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ, ಅದು ಅವನಿಗೆ ಗೊತ್ತು. ಒಂದು ಪದ ಸಾಕಾಗಿತ್ತು. ಬೇಡ. ಎರಡಕ್ಷರ. ಅವನು ಅದನ್ನು ಗಂಟಲವರೆಗೆ ತಂದ. ನಾಲಿಗೆಯ ಮೇಲೂ ತಂದ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವನ ತುಟಿಗಳನ್ನೇ ನೋಡುತ್ತಿದ್ದಳು, ಜಾತ್ರೆಯಲ್ಲಿ ಏನೋ ಕೇಳಿ ಅಪ್ಪನ ಮುಖ ನೋಡುವ ಮಗುವಿನಂತೆ. ಮಣಿಕಟ್ಟಿನ ಬೊಬ್ಬೆ ಒಡೆದು ಕಪ್ಪಗೆ ಕಲೆಗಟ್ಟಿತ್ತು.

"ಆಯ್ತು," ಎಂದ ಮಾಲೀಕ.

ಹೇಳಿದ್ದು ತಾನೇ ಎಂದು ಅವನಿಗೆ ನಂಬಲಾಗಲಿಲ್ಲ. ತನ್ನ ಬಾಯಿಂದ ಬೇರೆ ಯಾರೋ ಮಾತಾಡಿದ ಹಾಗಿತ್ತು. ಹೆಂಡತಿ ಎದ್ದು ಅವನ ಭುಜ ಒಮ್ಮೆ ಗಟ್ಟಿಯಾಗಿ ಹಿಡಿದು ಫೋನಿನ ಕಡೆ ಹೋದಳು. ಅವನು ಒಂದು ಕಾಲಿಗೆ ಶೂ ಹಾಕಿಕೊಂಡು ಬಹಳ ಹೊತ್ತು ಕೂತಿದ್ದ. ಇಲ್ಲ ಎನ್ನಲು ಬಾರದವನು ಎಂದು ಆ ಮೇಡಂ ಹೇಳಿದ್ದು ಎಷ್ಟು ನಿಜ ಎಂದು ಆಗ ಅವನ ಅರಿವಿಗೆ ಬಂತು.

ಅಂಗಡಿ ಶುರುವಾಯಿತು. ಸಿನಿಮಾ ಮಂದಿರ ಮತ್ತು ಪೆಟ್ರೋಲ್ ಬಂಕಿನ ನಡುವೆ ಒಳ್ಳೆಯ ಜಾಗ. ಹೆಂಡತಿ ಆಸ್ಪತ್ರೆಯ ಕೆಲಸ ಬಿಟ್ಟಳು. ಮಾಲೀಕ ಔಷಧಿ ಬ್ಯಾಗು ಬಿಡಲಿಲ್ಲ. ಯಾಕೆಂದರೆ ಒಂದು ಸಲ "ನಾನೂ ರಾಜೀನಾಮೆ ಕೊಟ್ಟು ಬಂದ್ಬಿಡ್ಲಾ?" ಎಂದದ್ದಕ್ಕೆ ಅವಳು ಪಟ್ಟನೆ "ಬೇಡ" ಎಂದಿದ್ದಳು. ಅವಳಿಗೆ ಆ ಎರಡಕ್ಷರ ಎಷ್ಟು ಸುಲಭವಾಗಿ ಬರುತ್ತದೆ ಎಂದು ಬೆರಗಾಗಿದ್ದ.

ಮೊದಲ ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೋಡಲು ಹೋದ. ಮಧ್ಯಾಹ್ನದ ಆಟ ಬಿಟ್ಟ ಜನ ಒಮ್ಮೆಲೇ ನುಗ್ಗಿದರು. ಅದೇ ಹೊತ್ತಿಗೆ ತಂಪು ಪಾನೀಯದ ಯಂತ್ರ ಗೊರಗೊರ ಎಂದು ನಿಂತುಹೋಯಿತು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಒಬ್ಬ ಹೆಂಗಸು ಕೌಂಟರ್ ಬಡಿದಳು. ಮಾಲೀಕನ ಕೈಕಾಲು ತಡೆಯಲಿಲ್ಲ. ಮುಂದೆ ಹೋಗಿ ಎರಡೂ ಕೈ ಎತ್ತಿ, "ಯಾರೂ ಬೇಜಾರು ಮಾಡ್ಕೋಬೇಡಿ. ಇವತ್ತು ಎಲ್ಲರಿಗೂ ಫ್ರೈ ನಮ್ಮ ಕಡೆಯಿಂದ," ಎಂದುಬಿಟ್ಟ.

ಜನ ಚಪ್ಪಾಳೆ ತಟ್ಟಿದರು. ಅಡುಗೆ ಕಡೆಯಿಂದ ಹೆಂಡತಿ ಬಂದಳು. ಕೆಂಪು ಟೋಪಿ, ಹಣೆಯ ಮೇಲೆ ಬೆವರು.

"ಇವರು ಅಂಗಡಿಯವರಲ್ಲ," ಎಂದಳು ಜನರಿಗೆ, ದನಿ ಎತ್ತದೆ. "ಫ್ರೀ ಏನೂ ಇಲ್ಲ. ಯಂತ್ರ ಕೆಟ್ಟಿದೆ, ನೀರಿನ ಬಾಟಲಿ ಇದೆ. ಬೇಕಾದವರು ನಿಲ್ಲಿ, ಬೇಡದವರು ಜಾಗ ಬಿಟ್ಟುಕೊಡಿ." ಆಮೇಲೆ ಅವನ ಕಡೆ ತಿರುಗಿ, "ರೀ, ಸ್ವಲ್ಪ ಹೊರಗೆ ಹೋಗಿ," ಎಂದಳು.

ಚಪ್ಪಾಳೆ ತಟ್ಟಿದವರೇ ಅವನಿಗೆ ದಾರಿ ಬಿಟ್ಟರು. ಎದುರು ಬಾಗಿಲಿನ ತನಕ ಹೋಗುವ ಧೈರ್ಯವಾಗದೆ ಹಿಂಬಾಗಿಲಿನಿಂದ ಹೊರಬಿದ್ದ. 'ಇವರು ಅಂಗಡಿಯವರಲ್ಲ' ಎಂಬ ಮಾತು ಮುಖಕ್ಕೆ ರಾಚಿದ ನೀರಿನಂತೆ ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದೇ ದೊಡ್ಡ ನೋವು.

ಹಿಂದೆ ಕಸದ ಡಬ್ಬಗಳ ಪಕ್ಕ ಖಾಲಿ ಕ್ರೇಟಿನ ಮೇಲೆ ಯಾರೋ ಕೂತಿದ್ದರು. ಬರ್ಗರಿನ ಟಿಕ್ಕಿ ಬೇಯಿಸುವ ಗ್ರಿಲ್ ಕೆಲಸದವನು, ನಡುವಯಸ್ಸಿನ, ಗಿರಿಜಾ ಮೀಸೆಯ ದೊಡ್ಡ ಆಳು. ಅವನು ಬಿಕ್ಕಿಬಿಕ್ಕಿ ಅಳುತ್ತಿದ್ದ. ಇಷ್ಟು ದೊಡ್ಡ ಮೀಸೆಯ ಅಡಿಯಿಂದ ಅಷ್ಟು ಸಣ್ಣ ದನಿ ಬರುವುದನ್ನು ಕೇಳಿ ಮಾಲೀಕ ತನ್ನದನ್ನು ಒಂದು ಗಳಿಗೆ ಮರೆತ.

"ಏನಾಯ್ತಪ್ಪ?"

"ಬೈದ್ರು ಸಾರ್. ಎಲ್ಲರ ಎದುರಿಗೆ. ಟಿಕ್ಕಿ ಸೀದುಹೋಯ್ತು, ತಪ್ಪು ನಂದೇ. ಆದ್ರೂ… ನಾನು ನಾಳೆಯಿಂದ ಬರಲ್ಲ ಸಾರ್."

ಮಾಲೀಕ ಇನ್ನೊಂದು ಕ್ರೇಟು ಎಳೆದುಕೊಂಡು ಪಕ್ಕದಲ್ಲಿ ಕೂತ. "ನನ್ನನ್ನೂ ಈಗ ತಾನೇ ಹೊರಗೆ ಹಾಕಿದ್ರು," ಎಂದ. "ನೀನು ಒಂದು ವಾರಕ್ಕೇ ಅಳ್ತಿದ್ದೀಯ. ನಾನು ಸಂಸಾರ ಮಾಡ್ತಿದ್ದೀನಿ."

ಗ್ರಿಲ್‌ನವನು ಮೂಗೊರೆಸಿಕೊಂಡು ಅವನನ್ನು ನೋಡಿದ. ಆಮೇಲೆ ಮೀಸೆ ಅಲುಗಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾತು ಅವನ ಮಕ್ಕಳ ಕಡೆಗೆ ಹೋಯಿತು, ಸೀದದ್ದೇಕೆ ಎಂಬುದಕ್ಕೆ ಬಂತು, ರಾತ್ರಿಯಿಡೀ ಹಲ್ಲುನೋವಿಗೆ ನಿದ್ದೆ ಇಲ್ಲ ಎಂದು ಗೊತ್ತಾಯಿತು. ಮಾಲೀಕ ಜೇಬಿನಿಂದ ಒಂದು ಗುಳಿಗೆ ತೆಗೆದುಕೊಟ್ಟು, ಪರಿಚಯದ ಹಲ್ಲಿನ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿ ಮರುದಿನಕ್ಕೆ ಹೊತ್ತು ಗೊತ್ತು ಮಾಡಿದ. ಗ್ರಿಲ್‌ನವನು ಮುಖ ತೊಳೆದುಕೊಂಡು ಒಳಗೆ ಹೋದ.

ಜನ ಕರಗಿದ ಮೇಲೆ ಹೆಂಡತಿ ಹಿಂಬಾಗಿಲಿಗೆ ಬಂದು ಆ ಕ್ರೇಟಿನ ಮೇಲೆ ಕುಸಿದು ಕೂತಳು. ಟೋಪಿ ತೆಗೆದಳು.

"ಅವನಿಗೆ ಏನು ಹೇಳಿದ್ರಿ? ಶಿಳ್ಳೆ ಹಾಕ್ಕೊಂಡು ಕೆಲಸ ಮಾಡ್ತಿದ್ದಾನೆ."

"ಏನಿಲ್ಲ. ಹಲ್ಲುನೋವಂತೆ."

"ನಂಗೆ ಗೊತ್ತಿರಲಿಲ್ಲ." ಟೋಪಿಯನ್ನು ಕೈಯಲ್ಲಿ ತಿರುಗಿಸಿದಳು. "ಬಿಟ್ಟು ಹೋಗ್ತಾನೆ ಅಂದ್ಕೊಂಡಿದ್ದೆ. ಕರೆಯಕ್ಕೆ ಬಾಯಿ ಬರಲಿಲ್ಲ. ನಂಗೆ ಅದು ಬರಲ್ಲ ರೀ." ಆಮೇಲೆ, "ಜನರ ಮುಂದೆ ನಿಮಗೆ ಹಾಗಂದಿದ್ದಕ್ಕೆ…" ಎಂದಳು.

ಅವನ ಎದೆಯಲ್ಲಿ ಆಸೆ ಚಿಗುರಿತು. "ಹಾಗಾದ್ರೆ ನನ್ನನ್ನ ಇಲ್ಲಿ ಕೆಲಸಕ್ಕೆ ತಗೋ."

"ಇಲ್ಲ," ಎಂದಳು.

ಯೋಚಿಸಲು ಉಸಿರೆಳೆಯುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಮಾಲೀಕ ಅವಳ ಮುಖವನ್ನೇ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

"ಮನೆಗೆ ಹೋಗಿ ಅತ್ತೆಗೆ ಊಟಕ್ಕೆ ಕೊಡಿ. ಮಾತ್ರೆ ಮರೀಬೇಡಿ. ಮುಂದಿನ ಭಾನುವಾರ ಬನ್ನಿ, ಇಲ್ಲೇ ಹಿಂದೆ ಕೂತ್ಕೊಳ್ಳಿ. ಒಳಗೆ ಮಾತ್ರ ಬರಬೇಡಿ."

ಅವನು ಎದ್ದು ಮನೆಗೆ ಹೋದ.

ಈಗ ಆ ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಭಾನುವಾರ ಅವನು ಹಿಂಬಾಗಿಲಿನ ಕ್ರೇಟಿನ ಮೇಲೆ ಕೂರುತ್ತಾನೆ. ಕೆಲಸದವರು ಒಬ್ಬೊಬ್ಬರೇ ಬಿಡುವಿನಲ್ಲಿ ಬಂದು ಪಕ್ಕದಲ್ಲಿ ಕೂತು ಎದ್ದು ಹೋಗುತ್ತಾರೆ. ಅಮ್ಮನ ಜೊತೆ ಅಪ್ಪನ ವಿಷಯ ಅವನು ಮತ್ತೆ ಎತ್ತಿಲ್ಲ. ಬರ್ಗರ್ ಅಂಗಡಿ ನಿಮ್ಮದಂತೆ ಎಂದು ಡಾಕ್ಟರುಗಳು ಕೇಳಿದರೆ "ನನ್ನ ಹೆಂಡತಿಯದು" ಎನ್ನುತ್ತಾನೆ. ಮೊದಮೊದಲು ಹಾಗೆಂದು ತಕ್ಷಣ ಮಾತು ಬದಲಿಸುತ್ತಿದ್ದ, ಈಗ ಅಷ್ಟಿಲ್ಲ.

ಆದರೂ ಕೆಲವು ಬೆಳಿಗ್ಗೆ ಎಚ್ಚರವಾದಾಗ, ಕಣ್ಣು ಬಿಡುವ ಮೊದಲು, ಇವತ್ತು ಶಟರ್ ಎತ್ತಬೇಕು ಎಂದು ಅವನಿಗೆ ಅನಿಸುತ್ತದೆ. ಹಿಗ್ಗು ಉಕ್ಕುತ್ತದೆ. ಆಮೇಲೆ ಪಕ್ಕದ ಹಾಸಿಗೆ ಖಾಲಿ ಇರುವುದು ಕಾಣುತ್ತದೆ, ಮೊದಲ ದಿನದಷ್ಟೇ ಹೊಸದಾಗಿ ಎದೆ ಧಸಕ್ಕೆನ್ನುತ್ತದೆ. ಅವಳು ಆಗಲೇ ಅಂಗಡಿಗೆ ಹೋಗಿರುತ್ತಾಳೆ. ಅವನು ಸ್ವಲ್ಪ ಹೊತ್ತು ಸೂರು ನೋಡುತ್ತಾ ಮಲಗಿದ್ದು, ಎದ್ದು ಅಮ್ಮನಿಗೆ ಬಿಸಿನೀರು ಇಡುತ್ತಾನೆ.